ಒಂಬತ್ತು ದಾಟದ ರಕ್ತ

ಶಾಸನಗಳು ಕೋಗಳಿ ಐನೂರು ಎಂದು ಕರೆದ ಸೀಮೆ ಈಗ ವಿಜಯನಗರ ಜಿಲ್ಲೆಯೊಳಗಿದೆ: ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ, ಹರಪನಹಳ್ಳಿ. ಇಲ್ಲಿ ಮಾತಾಡುತ್ತಿರುವ ಇಬ್ಬರಲ್ಲಿ ಒಬ್ಬಾಕೆ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಪಾಠ ಹೇಳಿ ನಿವೃತ್ತಳಾದಾಕೆ. ರುಮಟಾಯಿಡ್ ಸಂಧಿವಾತ, ರಕ್ತಹೀನತೆ ಎರಡನ್ನೂ ಬಹಳ ವರ್ಷದಿಂದ ಕಟ್ಟಿಕೊಂಡು ಬಂದವಳು. ಇನ್ನೊಬ್ಬಳು ಆಕೆಯ ತಂಗಿಯ ಮಗಳು, ಸರ್ಕಾರಿ ಆಸ್ಪತ್ರೆಯೊಂದರ ಲ್ಯಾಬ್ ಟೆಕ್ನಿಷಿಯನ್. ಜಾಗ ಕೊಟ್ಟೂರು. ಗುರುಬಸವೇಶ್ವರನ ತೇರು ಎಳೆದಾಗಿದೆ, ಬಂದ ನೆಂಟರು ಹೊರಟುಹೋಗಿದ್ದಾರೆ.

— ಎಷ್ಟು ಬಂತವ್ವ?

— 9.2, ದೊಡ್ಡವ್ವ.

— ಹೋದ ಸಲನೂ ಅಷ್ಟೇ. ಅದರ ಹಿಂದ ಎಂಟೂವರಿ ಇತ್ತು. ಒಂಬತ್ತರ ಆಜುಬಾಜು ಸುತ್ತತೈತಿ, ಹತ್ತರ ಮಕ ನೋಡಂಗಿಲ್ಲ.

— 12 ಇರಬೇಕು. ಬಸುರಿಗೆ 11, ಗಂಡಸರಿಗೆ 13. ಒಂದು ಡೆಸಿಲೀಟರ್ ರಕ್ತದಾಗ ಇಷ್ಟು ಗ್ರಾಂ ಹಿಮೋಗ್ಲೋಬಿನ್ ಅಂತ ವಿಶ್ವ ಆರೋಗ್ಯ ಸಂಸ್ಥೆ ಹಾಕಿದ ಗೆರೆ.

— ಗೆರಿ ಇರಲಿ. ನಮ್ಮ ಓಣಿಯಾಗ 12 ಇರೋ ಹೆಣ್ಮಗಳು ಯಾರದಾರ, ತೋರಿಸು.

— ಇದ್ದಾರ ಬಿಡು. ಆದ್ರ ನೀ ಕೇಳೋದ್ರಾಗೂ ಅರ್ಥ ಐತಿ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ಕರ್ನಾಟಕದ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ಶೇ 47.8 ಮಂದಿಗೆ ರಕ್ತ ಕಮ್ಮಿ. ಅದರ ಹಿಂದಿನ ಸಮೀಕ್ಷೆಯಲ್ಲಿ 44.8 ಇತ್ತು, ಇಳಿಯೋ ಬದಲು ಏರಿದೆ. ಐದು ವರ್ಷದೊಳಗಿನ ಮಕ್ಕಳಲ್ಲಂತೂ ಮೂವರಲ್ಲಿ ಇಬ್ಬರಿಗೆ.

— ಅದಾ ನೋಡು ನನ್ನ ತಕರಾರು. ನೂರರಾಗ ಐವತ್ತು ಮಂದಿಗೆ ಇರೋ ಬ್ಯಾನಿ ಬ್ಯಾನಿ ಅನ್ನಿಸಿಕೊಳ್ಳಂಗಿಲ್ಲ. ಕಣ್ಣಿನ ರೆಪ್ಪಿ ಎಳೆದು ನೋಡ್ತಾರ, ಬೆಳ್ಳಗೈತಿ ಅಂತಾರ, ಕಬ್ಬಿಣದ ಕೆಂಪು ಗುಳಿಗಿ ಕೊಟ್ಟು ಕಳಿಸ್ತಾರ. ಯಾಕ ಬೆಳ್ಳಗೈತಿ ಅಂತ ಯಾರು ಕೇಳ್ಯಾರ? ಹೆಂಗಸು ಅಂದಮ್ಯಾಲೆ ರಕ್ತ ಕಮ್ಮಿ ಇರೋದಾ ಅಂತ ಊರೇ ತೀರ್ಮಾನ ಮಾಡಿಬಿಟ್ಟೈತಿ. ನನಗ ಗುಳಿಗಿ ನುಂಗಿಸಿದರು, ಶಕ್ತಿ ಇಂಜೆಕ್ಷನ್ ಹಾಕಿದರು, ಸಲೈನ್ ಏರಿಸಿದರು. ಸಲೈನ್ ಅಂದ್ರ ಉಪ್ಪುನೀರು ಅನ್ನೋದು ಆಮ್ಯಾಲೆ ಗೊತ್ತಾತು. ನಿಮ್ಮ ದೊಡ್ಡಪ್ಪ ದಾಳಿಂಬ್ರಿ ಹಣ್ಣಿನ ಪೆಟ್ಟಿಗಿನ ತಂದಿಟ್ಟ. ಅತ್ತಿಮನಿಯವರು ಒಂದಾ ಮಾತು: ಹೊಟ್ಟಿ ತುಂಬ ಉಣ್ಣಂಗಿಲ್ಲ, ಅದಕ್ಕ ಹಿಂಗಾಗೈತಿ. ಎಲ್ಲಾರಿಗೂ ಬಡಿಸಿ ಕಡಿಗೆ ಉಂಡಾಕಿಗೆ ಈ ಮಾತು!

— ಕೈ ನೋವು ಆಗಲೇ ಇತ್ತೇನು?

— ಇತ್ತು. ಬೆಳಿಗ್ಗೆ ಎದ್ದರ ಬೆರಳು ಮುಚ್ಚಿ ತೆಗಿಯಾಕ ಬರ್ತಿರಲಿಲ್ಲ. ಜೋಳದ ರೊಟ್ಟಿ ಬಡಿಯಾಕ ಕುಂತ್ರ ಹಿಟ್ಟಿನ ಮ್ಯಾಲ ಅಂಗೈ ಬೀಳೂ ಮೊದಲಾ ಮಣಿಕಟ್ಟು ಚುರ್ ಅಂತಿತ್ತು. ರೊಟ್ಟಿ ದಪ್ಪ ಆಗಾಕತ್ತಿದ್ವು. ದಪ್ಪ ರೊಟ್ಟಿ ಅಂದ್ರ ಈ ಕಡೆ ಹೆಣ್ಮಗಳ ಮರ್ಯಾದಿನಾ ಹೋತು! ಶಾಲಿಯಾಗ ಸೀಮೆಸುಣ್ಣ ಹಿಡಿದ್ರ ಜಾರಿ ಬೀಳ್ತಿತ್ತು. ಕೈ ನೋವು ಒಬ್ಬ ಡಾಕ್ಟರಿಗೆ ಹೇಳಿದೆ, ಸುಸ್ತು ಇನ್ನೊಬ್ಬರಿಗೆ ಹೇಳಿದೆ. ಎರಡೂ ಒಂದಾ ಗಿಡದ ಕಾಯಿ ಅಂತ ನನಗಾದರೂ ಹೆಂಗ ತಿಳೀಬೇಕು? ನಮ್ಮ ಕೂಡ್ಲಿಗಿ ಕಡೆ ಸಂದು ನೋವು ಅಂದ್ರ ಬೋರ್‌ವೆಲ್ ನೀರಿನ ಫ್ಲೋರೈಡ್ ಮ್ಯಾಲ ಹಾಕ್ತಾರ. ಅದೂ ಸುಳ್ಳಲ್ಲ, ಇರೋದಾ. ಆದ್ರ ಎಲ್ಲಾ ನೋವನ್ನೂ ಅದರ ಹೆಸರಿಗೆ ಬರೆದ್ರ ಹೆಂಗ? ಕಡೀಗೆ ದಾವಣಗೆರಿಯಾಗ ಒಬ್ಬ ಡಾಕ್ಟರು ಕಣ್ಣು ನೋಡಲಿಲ್ಲ, ಮೊದಲು ಕೈ ನೋಡಿದರು. ಗೆಣ್ಣು ಒತ್ತಿ, ಬೆಳಿಗ್ಗೆ ಕೈ ಸಡಿಲ ಆಗಾಕ ಎಷ್ಟು ಹೊತ್ತು ಬೇಕು ಅಂತ ಕೇಳಿದರು. ಹತ್ತು ಗಂಟಿ ಆಗ್ತೈತ್ರಿ ಅಂದೆ. ಆವಾಗ ರಕ್ತ ಪರೀಕ್ಷಿ ಬರೆದರು: ಇಎಸ್‌ಆರ್, ಆರ್‌ಎ ಫ್ಯಾಕ್ಟರ್.

— ಬೆಳಗಿನ ಬಿಗಿತ ಗಂಟೆಗಟ್ಟಲೆ ನಿಂತರೆ ಅದು ಕೀಲಿನೊಳಗಿನ ಉರಿಯೂತದ ಗುರುತು. ಮಂಡಿ ಸವೆದ ನೋವಾದರೆ ಸಾಮಾನ್ಯವಾಗಿ ಅರ್ಧ ತಾಸಿನೊಳಗೆ ಸಡಿಲ ಆಗುತ್ತೆ. ದೇಹದ ಕಾವಲು ಪಡೆ ಶತ್ರುವನ್ನು ಬಿಟ್ಟು ತನ್ನದೇ ಕೀಲಿನ ಒಳಪೊರೆಗೆ ಬಿದ್ದಿರುತ್ತೆ. ಹರಿಯಾಣದ ಬಲ್ಲಭಗಢದ ಹಳ್ಳಿಗಳಲ್ಲಿ ದೊಡ್ಡವರನ್ನು ಪರೀಕ್ಷೆ ಮಾಡಿ 1993ರಲ್ಲಿ ಒಂದು ಸಮೀಕ್ಷೆ ಪ್ರಕಟ ಮಾಡಿದ್ರು, ಸಾವಿರಕ್ಕೆ ಏಳೆಂಟು ಮಂದಿಗೆ ಈ ಕಾಯಿಲೆ ಅಂತ. ಅದೇ ಲೆಕ್ಕ ಹಿಡಿದರೆ ನಾಲ್ಕು ಸಾವಿರ ವಯಸ್ಕರಿರೋ ಒಂದು ಊರಲ್ಲಿ ಮೂವತ್ತು ಜನ. ಅವರಲ್ಲಿ ಹೆಂಗಸರೇ ಹೆಚ್ಚು.

— ಆ ಮೂವತ್ತು ಮಂದಿ ಎಲ್ಲದಾರ ಗೊತ್ತೇನು? ಕೆಂಪು ಗುಳಿಗಿ ಸಾಲಿನಾಗ ನಿಂತಾರ.

— ನಿಂತಿರಬಹುದು.

— ಈಗ ನೀ ಹೇಳು. ಅಷ್ಟು ಕಬ್ಬಿಣ ನುಂಗಿದ್ನಲ್ಲ, ಅದು ಎಲ್ಲಿಗೆ ಹೋತು?

— ಬಹುಪಾಲು ಮಲದಲ್ಲಿ ಹೋಗಿರುತ್ತೆ. ಅದಕ್ಕೇ ಕಪ್ಪಗಾಗೋದು. ಆದ್ರ ದೊಡ್ಡ ವಿಷಯ ಅದಲ್ಲ ದೊಡ್ಡವ್ವ, ನಿನ್ನ ಮೈಯಾಗ ಕಬ್ಬಿಣ ಇತ್ತು. ಮನುಷ್ಯನ ಮೈಯಲ್ಲಿ ಒಟ್ಟು ಮೂರು–ನಾಲ್ಕು ಗ್ರಾಂ ಕಬ್ಬಿಣ ಇರುತ್ತೆ. ಒಂದು ಕೆಂಪು ಕಣದ ಆಯುಷ್ಯ 120 ದಿನ. ಮುದಿಯಾದ ಕಣವನ್ನು ಗುಲ್ಮ, ಯಕೃತ್ತಿನ ಭಕ್ಷಕ ಕೋಶಗಳು ನುಂಗಿ, ಅದರಾಗಿನ ಕಬ್ಬಿಣ ಬಿಡಿಸಿ ಮತ್ತೆ ಮಜ್ಜೆಗೆ ಕಳಿಸ್ತಾವೆ. ಹೊಸ ರಕ್ತಕ್ಕೆ ದಿನಾ 20–25 ಮಿಲಿಗ್ರಾಂ ಬೇಕು, ಬಹುತೇಕ ಎಲ್ಲಾ ಈ ಹಳೇದ್ರಿಂದಾನೇ ಬರುತ್ತೆ. ಊಟದಿಂದ ಒಳಗೆ ಸೇರೋದು ಒಂದೆರಡು ಮಿಲಿಗ್ರಾಂ ಅಷ್ಟೇ.

— ಅಷ್ಟಾ? ಮತ್ತ ಇಷ್ಟು ಪಲ್ಲೆ ತಿನ್ನಿಸ್ತೀರಲ್ಲ!

— ತಡಿ. ಮೈಯಾಗ ಉರಿಯೂತ ಇದ್ದಾಗ ಇಂಟರ್‌ಲ್ಯೂಕಿನ್–6 ಅನ್ನೋ ಸಂದೇಶ ಯಕೃತ್ತಿಗೆ ಹೋಗುತ್ತೆ. ಯಕೃತ್ತು ಹೆಪ್ಸಿಡಿನ್ ಅನ್ನೋ ಹಾರ್ಮೋನು ಬಿಡುತ್ತೆ. ಇದು ಬಹಳ ಹಿಂದಿನ ಶೋಧನೆ ಅಲ್ಲ. 2000–01ರ ಸುಮಾರಿಗೆ ಜರ್ಮನಿಯ ಒಂದು ತಂಡ ರಕ್ತದಲ್ಲಿ, ಲಾಸ್ ಏಂಜಲೀಸ್‌ನಲ್ಲಿ ಟೊಮಾಸ್ ಗಾಂಜ್ ಅವರ ತಂಡ ಮೂತ್ರದಲ್ಲಿ ಅದನ್ನು ಕಂಡುಕೊಂಡ್ರು. ಕೋಶದಿಂದ ಕಬ್ಬಿಣ ಹೊರಗೆ ಬರೋ ಬಾಗಿಲು ಒಂದೇ, ಫೆರೋಪೋರ್ಟಿನ್ ಅಂತ. ಹೆಪ್ಸಿಡಿನ್ ಬಂದು ಆ ಬಾಗಿಲನ್ನೇ ಕಿತ್ತು ಹಾಕಿಸುತ್ತೆ. ಭಕ್ಷಕ ಕೋಶದ ಕಬ್ಬಿಣ ಅಲ್ಲೇ ಉಳೀತು. ಕರುಳಿನ ಗೋಡೆಗೆ ಬಂದ ಕಬ್ಬಿಣವೂ ಅಲ್ಲೇ ನಿಂತು, ಆ ಕೋಶ ಉದುರಿದಾಗ ಅದರ ಜೊತೆ ಹೊರಗೆ ಹೋತು.

— ಹಗೇವು!

— ಏನು?

— ನೀ ನೋಡಿಲ್ಲ. ನಮ್ಮಜ್ಜನ ಮನಿ ಮುಂದ ಹಗೇವು ಇತ್ತು. ನೆಲದಾಗ ಆಳು ಇಳಿಯೋ ಅಷ್ಟು ಆಳ. ಜೋಳ ತುಂಬಿ, ಮ್ಯಾಲೆ ಹುಲ್ಲು ಹಾಸಿ, ಬಾಯಿಗೆ ಚಪ್ಪಡಿ ಎಳೆದು ಮಣ್ಣು ಮುಚ್ಚಿದ್ರ ಮ್ಯಾಲ ಎತ್ತು ಕಟ್ಟಿದ್ರೂ ಗೊತ್ತಾಗ್ತಿರಲಿಲ್ಲ. ದಂಡು ಬಂತು, ಕಳ್ಳರು ಬಂದರು ಅಂದ್ರ ಮನಿಯವರು ಉಪವಾಸ ಬಿದ್ದರೂ ಬಾಯಿ ತೆಗೀತಿರಲಿಲ್ಲಂತ. ನನ್ನದೂ ಹಂಗಾ ಆತಲ್ಲ! ಹಗೇವು ತುಂಬೈತಿ, ಒಲಿ ಮ್ಯಾಲೆ ಹಂಚು ಸುಮ್ಮನ ಕಾಯ್ತೈತಿ.

— ಕಾರಣನೂ ಅದೇ. ರೋಗಾಣುಗಳಿಗೂ ಬೆಳೆಯೋಕೆ ಕಬ್ಬಿಣ ಬೇಕು. ಸೋಂಕು ತಗುಲಿದಾಗ ಕಬ್ಬಿಣ ಬಚ್ಚಿಟ್ಟರೆ ಅವು ಸೊರಗ್ತಾವೆ. ಜ್ವರ ನಾಲ್ಕು ದಿನ ಇದ್ದು ಹೋದರೆ ಇದು ಜಾಣತನ. ನಿನ್ನ ಮೈಯಾಗ ದಂಡು ಹೋಗೋದೇ ಇಲ್ಲ, ಯಾಕಂದ್ರ ಅದು ಹೊರಗಿನಿಂದ ಬಂದಿದ್ದಲ್ಲ.

— ಅಂದ್ರ ಇಷ್ಟು ವರ್ಷ ನನ್ನ ಊಟದ ಮ್ಯಾಲೆ ಹಾಕಿದ ತಪ್ಪು ಊಟದ್ದಲ್ಲ.

— ಪೂರ್ತಿ ಊಟದ್ದಲ್ಲ. ಹಂಗಂತ ಊಟಕ್ಕೆ ಸಂಬಂಧನೇ ಇಲ್ಲ ಅಂತ ಹೇಳಿಬಿಡಬೇಡ. ಎರಡೂ ಕೂಡೇ ಇರೋದುಂಟು. ಅದನ್ನ ಬೇರೆ ಮಾಡೋದು ನಮ್ಮ ಲ್ಯಾಬಿಗೂ ಕಷ್ಟ. ನಿನ್ನ ಹೋದ ವರ್ಷದ ರಿಪೋರ್ಟು ತೆಗಿ. ಫೆರಿಟಿನ್ 160. ಇದು ಕಬ್ಬಿಣದ ದಾಸ್ತಾನಿನ ಲೆಕ್ಕ. ಮಷೀನು ಪಕ್ಕದಲ್ಲಿ ನಾರ್ಮಲ್ ಅಂತ ಹೊಡೆದಿದೆ. ಅದನ್ನೊಂದೇ ನೋಡಿದವರು ಕಬ್ಬಿಣ ಬೇಕಾದಷ್ಟು ಐತಿ ಅಂತಾರೆ. ಆದ್ರ ಉರಿಯೂತ ಇದ್ದರೆ ಫೆರಿಟಿನ್ ತಾನೇ ಏರುತ್ತೆ, ನೂರರ ತನಕ ಬಂದರೂ ಒಳಗೆ ಕೊರತೆ ಇರಬಹುದು. ಅದಕ್ಕೇ ಟ್ರಾನ್ಸ್‌ಫೆರಿನ್ ಸ್ಯಾಚುರೇಷನ್ ನೋಡಬೇಕು, ಅಂದ್ರೆ ರಕ್ತದಲ್ಲಿ ಕಬ್ಬಿಣ ಹೊರೋ ಪ್ರೋಟೀನು ಎಷ್ಟು ತುಂಬಿದೆ ಅಂತ. ಶೇ 20ರ ಮ್ಯಾಲೆ ಇರಬೇಕು. ನಿನ್ನದು 11. ಜೊತೆಗೆ ಸಿಆರ್‌ಪಿ, ಉರಿ ಎಷ್ಟು ಐತಿ ಅಂತ. ಮೂರನ್ನೂ ಒಂದೇ ದಿನದ ರಕ್ತದಲ್ಲಿ ನೋಡಿದರೆ ಕಥೆ ಗೊತ್ತಾಗುತ್ತೆ. ಹಿಮೋಗ್ಲೋಬಿನ್ ಒಂದೇ ಏನೂ ಹೇಳಂಗಿಲ್ಲ.

— ನೀನಾ ದಿನಾ ನೂರು ಮಂದಿಗೆ ಅದೊಂದನ್ನಾ ಬರೆದು ಕೊಡ್ತೀಯಲ್ಲ!

— ಬರೆದುಕೊಟ್ಟ ಚೀಟಿ ಮೇಲೆ ನಡೆಯೋಳು ನಾನು ದೊಡ್ಡವ್ವ. ಡಾಕ್ಟರು ಬರೆಯದೇ ಇದ್ದದ್ದು ನಾನು ಮಾಡಂಗಿಲ್ಲ.

— ಆತು, ಸಿಟ್ಟಾಗಬ್ಯಾಡ. ಚಾ ಕುಡಿ.

— ಊಟ ಆದ ಕೂಡಲೇ ಚಾ ಕುಡೀಬಾರದು ಅಂತ ಹೇಳೋಳೂ ನಾನೇ. ಅದರ ಒಗರು ಕಬ್ಬಿಣ ಹಿಡಿದಿಟ್ಟುಕೊಳ್ಳುತ್ತೆ. ಒಂದು ತಾಸು ಬಿಟ್ಟು ಕೊಡು.

— ದಾಳಿಂಬ್ರಿ ಕಥಿ ಹೇಳು ಮತ್ತ. ಹಗರಿಬೊಮ್ಮನಹಳ್ಳಿ ಕಡೆ ತ್ವಾಟ ತುಂಬ ಬೆಳೀತಾರ, ಕೆಂಪಗೈತಿ ಅಂತ ರೋಗಿಗೆ ಒಯ್ತಾರ.

— ಕೆಂಪಗಿರೋದೆಲ್ಲ ರಕ್ತ ಆಗಂಗಿದ್ರೆ ನಮ್ಮ ಸಂಡೂರಿನ ಕಬ್ಬಿಣದ ಅದಿರಿನ ಗುಡ್ಡದ ಕೆಳಗಿನವರಿಗೆ ರಕ್ತಹೀನತೆನೇ ಇರಬಾರದಿತ್ತು.

— ಅದನ್ನ ಭಾಷಣದಾಗ ಎಲ್ಲಾರೂ ಹೇಳ್ತಾರ, ನೀನೂ ಶುರು ಹಚ್ಚಿಕೊಂಡೇನು?

— ಸರಿ, ಬಿಟ್ಟೆ. ದಾಳಿಂಬೆ ಒಳ್ಳೇ ಹಣ್ಣೇ. ಆದ್ರ ನೂರು ಗ್ರಾಂ ಕಾಳಿನಾಗ ಅರ್ಧ ಮಿಲಿಗ್ರಾಂ ಕಬ್ಬಿಣನೂ ಇಲ್ಲ. ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆ 2017ರಲ್ಲಿ ಪಟ್ಟಿ ಮಾಡಿದೆ: ಸಜ್ಜೆಯಲ್ಲಿ ಆರಕ್ಕಿಂತ ಹೆಚ್ಚು, ರಾಗಿಯಲ್ಲಿ ನಾಲ್ಕೂವರೆ, ಜೋಳದಲ್ಲಿ ಸುಮಾರು ನಾಲ್ಕು. ನಿನ್ನ ರೊಟ್ಟೀನೇ ಹಣ್ಣಿಗಿಂತ ಎಷ್ಟೋ ಮೇಲು. ಆದ್ರ ಕಾಳಿನ ಫೈಟೇಟು ಅದನ್ನ ಬಿಟ್ಟುಕೊಡಂಗಿಲ್ಲ. ಪಲ್ಲೆಗೆ ನಿಂಬೆಹಣ್ಣು ಹಿಂಡಿಕೋ. ಕಾಳು ಮೊಳಕೆ ಕಟ್ಟು. ಅದರ ಪೂರ್ತಿ ಲಾಭ ಸಿಗೋದು ಬಾಗಿಲು ತೆರೆದಿದ್ದವರಿಗೆ, ಅದೂ ನಿಜ.

— ಹಂಗಾದ್ರ ಕೆಂಪು ಗುಳಿಗಿ ದಂಡ ಅಂತಾಯ್ತು.

— ಇಲ್ಲ! ಇದೊಂದು ಮಾತು ಹೊರಗೆ ಆಡಬೇಡ. ನಿನ್ನ ಮಾತು ಕೇಳಿ ಓಣಿಯವರು ಗುಳಿಗೆ ಬಚ್ಚಲಕ್ಕೆ ಹಾಕಿಬಿಟ್ಟಾರು. ಇಲ್ಲಿ ರಕ್ತ ಕಮ್ಮಿ ಇರೋ ಹೆಂಗಸರಲ್ಲಿ ಬಹಳ ಮಂದಿಗೆ ನಿಜವಾಗಿಯೂ ಕಬ್ಬಿಣನೇ ಇಲ್ಲ. ಮೈಮೇಲೆ ಜಾಸ್ತಿ ಹೋಗುತ್ತೆ, ಮೇಲಿಂದ ಮೇಲೆ ಹೆರಿಗೆ, ಕೊಕ್ಕೆಹುಳ. ಮಣ್ಣು ತಿನ್ನಬೇಕು, ಹಸಿ ಅಕ್ಕಿ ತಿನ್ನಬೇಕು ಅನ್ನಿಸ್ತೈತಿ ಅಂತ ಒಬ್ಬಾಕಿ ಹೇಳಿದ್ರೆ ನಾನು ಹೆಚ್ಚು ಕೇಳೋದೇ ಬೇಡ. ಅಂಥವರಿಗೆ ಆ ಗುಳಿಗೆ ಜೀವ ಉಳಿಸುತ್ತೆ. ಬಸುರಿಗೆ 180 ದಿನ ಕೆಂಪು ಗುಳಿಗೆ, ಶಾಲೆ ಹುಡುಗಿಯರಿಗೆ ವಾರಕ್ಕೊಂದು ನೀಲಿ. ಒಂದೊಂದರಲ್ಲಿ 60 ಮಿಲಿಗ್ರಾಂ ಕಬ್ಬಿಣ.

— ನೀಲಿ ಗುಳಿಗಿ ನನ್ನ ಕೈಯಾರೆ ನುಂಗಿಸೇನಿ. ಆರು–ಏಳನೇತ್ತಿ ಹುಡುಗ್ಯಾರು ನಾಲಿಗಿ ಅಡಿಯಾಗ ಇಟ್ಟುಕೊಂಡು ಹೊರಗ ಹೋಗಿ ಉಗುಳ್ತಿದ್ರು. ನುಂಗಿದ ಮ್ಯಾಲೆ ಬಾಯಿ ತೆಗೆಸಿ ನೋಡ್ತಿದ್ದೆ. ನನಗೂ ಗೊತ್ತೈತಿ ಅದರ ಬೆಲೆ. ನಾ ಹೇಳೋದು ಅದಲ್ಲ. ಗುಳಿಗಿ ಕೊಟ್ಟು, ರಕ್ತ ಏರದಿದ್ದಾಗ, ನೀ ನುಂಗಿಲ್ಲ ಅಂತ ನನ್ನನ್ನಾ ಬೈದರಲ್ಲ, ಅದು.

— ನಿಯಮದಲ್ಲಿ ಹಂಗಿಲ್ಲ. 2018ರ ಅನೀಮಿಯಾ ಮುಕ್ತ ಭಾರತ ಕಾರ್ಯಕ್ರಮದ ಸೂಚನೆಯಲ್ಲೇ ಇದೆ: ತಿಂಗಳು ಗುಳಿಗೆ ಕೊಟ್ಟ ಮೇಲೂ ಹಿಮೋಗ್ಲೋಬಿನ್ ಒಂದು ಗ್ರಾಂ ಏರದಿದ್ದರೆ ದೊಡ್ಡ ಆಸ್ಪತ್ರೆಗೆ ಕಳಿಸಿ, ಬೇರೆ ಕಾರಣ ಹುಡುಕಿ ಅಂತ.

— ಇದೆ?

— ಇದೆ.

— ನನಗ ತಿಂಗಳು ಬಿಟ್ಟು ಯಾರೂ ಎರಡನೇ ಸಲ ರಕ್ತ ತೆಗೀಲಿಲ್ಲ ನೋಡವ್ವ. ಎಷ್ಟು ಗುಳಿಗಿ ಕೊಟ್ವಿ ಅಂತ ಪುಸ್ತಕದಾಗ ಬರಕೊಂಡು ಸಹಿ ಮಾಡಿಸ್ಕೊಂಡ್ರು. ಏರಿತೋ ಇಲ್ಲೋ ಅಂತ ಕೇಳೋ ಕಾಲಮ್ಮಾ ಆ ಪುಸ್ತಕದಾಗ ನಾ ಕಾಣಲಿಲ್ಲ.

— ಅದಕ್ಕೆ ನನ್ನ ಹತ್ರ ಉತ್ತರ ಇಲ್ಲ. ಗುಳಿಗೆ ವಿಷಯ ಇನ್ನೊಂದು ಮಾತು. ಒಂದು ಡೋಸ್ ಕಬ್ಬಿಣ ನುಂಗಿದ್ರೆ ಹೆಪ್ಸಿಡಿನ್ ಒಂದು ದಿನ ಏರಿರುತ್ತೆ, ಮರುದಿನದ ಗುಳಿಗೆ ಅಷ್ಟು ಒಳಗೆ ಹೋಗಂಗಿಲ್ಲ. ಕಬ್ಬಿಣ ಕಮ್ಮಿ ಇರೋ ಹೆಂಗಸರಿಗೆ ಒಂದು ದಿನ ಬಿಟ್ಟು ಒಂದು ದಿನ ಕೊಟ್ಟರೆ ಹೆಚ್ಚು ಹೀರುತ್ತೆ ಅಂತ ಜ್ಯೂರಿಕ್‌ನ ಸಂಶೋಧಕರು 2017ರಲ್ಲಿ ತೋರಿಸಿದ್ರು. ಹೊಟ್ಟೆ ತೊಳಸೋದೂ ಕಮ್ಮಿ. ಆದ್ರ ಹಂಗೆ ಬದಲಿಸೋದು ಡಾಕ್ಟರನ್ನ ಕೇಳಿ. ಗುಳಿಗೆ ಕೆಲಸ ಮಾಡದಿದ್ದರೆ ರಕ್ತನಾಳಕ್ಕೆ ಕಬ್ಬಿಣ ಏರಿಸ್ತಾರೆ, ಕರುಳಿನ ತಂಟೆಯೇ ಇಲ್ಲ.

— ನನಗೂ ಏರಿಸಿದ್ರು. ಸ್ವಲ್ಪ ಏರಿ ನಿಂತಿತು. ಕೀಲಿನ ಉರಿ ತಣ್ಣಗಾಗದ ಹೊರತು ರಕ್ತ ಪೂರಾ ಏರಂಗಿಲ್ಲ ಅಂದ್ರು. ಅವರು ಹೇಳಿದ್ದು ಖರೆ ಆತು. ಸೋಮವಾರದ ಗುಳಿಗಿ ಶುರು ಮಾಡಿದ ಮ್ಯಾಲಾ ನಾ ಒಂಬತ್ತಕ್ಕ ಬಂದಿದ್ದು. ಮೊದಲು ಏಳರಾಗ ಇದ್ದೆ.

— ಮೆಥೊಟ್ರೆಕ್ಸೇಟ್.

— ಹ್ಞಾಂ. ವಾರಕ್ಕೊಂದಾ ಸಲ. ಕೊಟ್ಟೂರಜ್ಜನ ವಾರ ಅಂದ್ರ ಮರಿಯಂಗಿಲ್ಲ ಅಂತ ಸೋಮವಾರಕ್ಕ ಇಟ್ಕೊಂಡೀನಿ. ಕ್ಯಾಲೆಂಡರಿನಾಗ ನುಂಗಿದ ಕೂಡಲೇ ಗೀಟು ಹಾಕ್ತೀನಿ.

— ಅದು ಬಹಳ ಒಳ್ಳೇದು. ತಪ್ಪಿ ದಿನಾ ನುಂಗಿದವರ ಬಿಳಿ ಕಣ, ಪ್ಲೇಟ್‌ಲೆಟ್ ಎಲ್ಲಾ ಕುಸಿದು ಜೀವಕ್ಕೇ ಬರುತ್ತೆ. ಡಾಕ್ಟರು ವಾರಕ್ಕೆ ಅಂತ ಬರೆದದ್ದನ್ನ ಮನೆಯವರು ದಿನಕ್ಕೆ ಅಂತ ಓದೋದು ಇದ್ದೇ ಇದೆ. ಆಗಾಗ ರಕ್ತ, ಲಿವರ್ ಪರೀಕ್ಷೆ ಬಿಡಬಾರದು. ಬೇರೆ ದಿನ ಫೋಲಿಕ್ ಆಸಿಡ್ ನುಂಗ್ತೀಯ ಹೌದಿಲ್ಲೋ?

— ಹಳದಿ ಸಣ್ಣ ಗುಳಿಗಿ, ಬುಧವಾರ.

— ಆ ಎರಡು ಗುಳಿಗೆಗಳ ಹಿಂದೆ ಒಬ್ಬನೇ ಮನುಷ್ಯ ಇದ್ದಾನೆ ದೊಡ್ಡವ್ವ. ಯಲ್ಲಾಪ್ರಗಡ ಸುಬ್ಬರಾವ್. 1895ರಲ್ಲಿ ಭೀಮಾವರಂನಲ್ಲಿ ಹುಟ್ಟಿದವರು, ಮದ್ರಾಸಿನಲ್ಲಿ ವೈದ್ಯ ಓದಿದವರು. ಆವಾಗ ನಾವಿದ್ದ ಬಳ್ಳಾರಿ ಜಿಲ್ಲೆನೂ ಮದ್ರಾಸಿಗೇ ಸೇರಿತ್ತು.

— 1953ರ ತನಕ. ಅಕ್ಟೋಬರ್ ಒಂದಕ್ಕ ಮೈಸೂರಿಗೆ ಬಂದ್ವಿ. ಅದನ್ನ ನಿನಗಿಂತ ನಾನಾ ಹೆಚ್ಚು ಸಲ ಪಾಠ ಮಾಡೀನಿ.

— ಸುಬ್ಬರಾವ್ ಅವರ ಮನೆಯಲ್ಲಿ ಸ್ಪ್ರೂ ಅನ್ನೋ ಕರುಳಿನ ಬೇನೆಗೆ ಅಣ್ಣತಮ್ಮಂದಿರು ತೀರಿಕೊಂಡಿದ್ರು. ಅದೂ ರಕ್ತ ಇಳಿಸೋ ಬೇನೆ. ಅಮೆರಿಕದ ಲೆಡರ್ಲೆ ಕಂಪನಿಯಲ್ಲಿ ಅವರ ತಂಡ 1945ರಲ್ಲಿ ಫೋಲಿಕ್ ಆಸಿಡ್ ತಯಾರಿಸಿತು. ಅದಕ್ಕೂ ಮೊದಲು ಲೂಸಿ ವಿಲ್ಸ್ ಅನ್ನೋ ಇಂಗ್ಲಿಷ್ ಡಾಕ್ಟರು 1928ರಿಂದ ಬೊಂಬಾಯಿಯಲ್ಲಿ ಬಟ್ಟೆ ಗಿರಣಿ ಬಸುರಿಯರ ರಕ್ತಹೀನತೆ ನೋಡಿ, ಮಾರ್ಮೈಟ್ ಅನ್ನೋ ಯೀಸ್ಟಿನ ಗಸಿ ಕೊಟ್ಟು ವಾಸಿ ಮಾಡಿದ್ರು. ಅದರಾಗ ಇದ್ದ ಅಂಶನೇ ಈ ಫೋಲಿಕ್ ಆಸಿಡ್. ಸುಬ್ಬರಾವ್ ತಂಡ ಅದನ್ನ ಮಾಡಿ ಅಷ್ಟಕ್ಕೇ ನಿಲ್ಲಲಿಲ್ಲ, ಅದರ ವೈರಿಯನ್ನೂ ಮಾಡಿತು. ಅಮಿನಾಪ್ಟೆರಿನ್. ಮಕ್ಕಳ ರಕ್ತ ಕ್ಯಾನ್ಸರಿಗೆ ಸಿಡ್ನಿ ಫಾರ್ಬರ್ ಅನ್ನೋ ಡಾಕ್ಟರು ಬಳಸಿದ್ದು ಅದನ್ನೇ. ಅದರ ತಮ್ಮನೇ ನಿನ್ನ ಸೋಮವಾರದ ಗುಳಿಗೆ. 1948ರಲ್ಲಿ ಸುಬ್ಬರಾವ್ ತೀರಿಹೋದರು. ಸಂಧಿವಾತಕ್ಕೆ ವಾರಕ್ಕೊಮ್ಮೆ ಸಣ್ಣ ಡೋಸಿನಲ್ಲಿ ಕೊಡೋದು ಬಳಕೆಗೆ ಬಂದಿದ್ದು ಎಂಬತ್ತರ ದಶಕದಲ್ಲಿ.

— ಒಂದು ಕೈಲೆ ಕೊಟ್ಟು ಇನ್ನೊಂದು ಕೈಲೆ ಕಸಗೊಂಡಂಗಾತು. ನಡುವ ನಾ ಬದುಕೀನಿ. ಅಲ್ಲಾ, ನೋವಿನ ಗುಳಿಗಿ ವಿಷಯ ನೀ ಹೇಳಲೇ ಇಲ್ಲ.

— ಅದು ಈ ಕಡೆ ದೊಡ್ಡ ಕಥೆ. ಮೆಡಿಕಲ್ ಶಾಪಿನಾಗ ಚೀಟಿ ಇಲ್ಲದೇ ಕೇಳಿದ್ರೆ ಸಿಗೋದು ಡೈಕ್ಲೊಫೆನ್ಯಾಕ್. ಕೆಲಸಕ್ಕೆ ಹೋಗೋರು ದಿನಾ ಎರಡು ನುಂಗ್ತಾರೆ. ಹೊಟ್ಟೆಯೊಳಗೆ ಹುಣ್ಣಾಗಿ ಸಣ್ಣಗೆ ರಕ್ತ ಸೋರುತ್ತೆ. ಹೊರಗೆ ಕಾಣಂಗಿಲ್ಲ. ತಿಂಗಳುಗಟ್ಟಲೆ ಹಂಗೆ ಹೋದ್ರೆ ಕಬ್ಬಿಣ ಖಾಲಿ. ಹೊಟ್ಟೆ ಉರಿ ಅಂತ ಗ್ಯಾಸ್ ಗುಳಿಗೆ ನುಂಗ್ತಾರೆ. ಅದು ಆಸಿಡ್ ಇಳಿಸಿ ಕಬ್ಬಿಣ, ಬಿ12 ಎರಡರ ಹೀರಿಕೆಗೂ ಅಡ್ಡ ಬರುತ್ತೆ. ಕೀಲಿನ ಕಾಯಿಲೆ ಇದ್ದವರಿಗೆ ಈ ಮೂರೂ ಒಟ್ಟಿಗೇ ಇರ್ತಾವೆ: ಉರಿಯೂತ, ಸೋರಿಕೆ, ಗ್ಯಾಸ್ ಗುಳಿಗೆ. ಕಾಲು ಜುಮ್ ಅಂದ್ರೆ, ನಾಲಿಗೆ ನುಣ್ಣಗಾದ್ರೆ ಬಿ12 ನೋಡಿಸಬೇಕು. ಅದರಲ್ಲೂ ಒಂದು ಆಟೋಇಮ್ಯೂನ್ ಬಗೆ ಐತಿ. ಹೊಟ್ಟೆಯ ಕೋಶಗಳ ಮೇಲೇ ದಾಳಿಯಾಗಿ, ಎಷ್ಟು ತಿಂದರೂ ಬಿ12 ಒಳಗೆ ಸೇರಂಗಿಲ್ಲ. 1926ರಲ್ಲಿ ಮೈನಾಟ್, ಮರ್ಫಿ ಅಂತ ಇಬ್ಬರು ಡಾಕ್ಟರು ಅಂಥ ರೋಗಿಗಳಿಗೆ ದಿನಾ ಪ್ರಾಣಿಯ ಲಿವರ್ ತಿನ್ನಿಸಿ ಬದುಕಿಸಿದ್ರು. 1934ರಲ್ಲಿ ನೊಬೆಲ್ ಬಂತು.

— ಶಿವಾ! ನಮ್ಮಂಥವರು ಏನು ಮಾಡಬೇಕಿತ್ತು?

— ಈಗ ಇಂಜೆಕ್ಷನ್ ಐತಿ ಬಿಡು.

— ಹಡಗಲಿಯ ಆ ಹುಡುಗಿ ಹೆಂಗದಾಳ? ಮಲ್ಲಿಗಿ ತ್ವಾಟದಾಗ ಮೊಗ್ಗು ಬಿಡಿಸ್ತಿದ್ದಾಕಿ.

— ಲೂಪಸ್ ಹುಡುಗಿ? ಅದೂ ನಿನ್ನದರಂಗೆ ಕಾವಲು ಪಡೆ ತನ್ನ ಮೈಮೇಲೇ ಬೀಳೋ ಕಾಯಿಲೆ. ಈಗ ಸುಧಾರಿಸ್ಯಾಳ. ಆಕೆ ಬಂದ ದಿನ ನಾನೇ ಡ್ಯೂಟಿಯಲ್ಲಿದ್ದೆ. ಹತ್ತು ಇದ್ದದ್ದು ಕೆಲವೇ ವಾರದಲ್ಲಿ ಐದಕ್ಕೆ ಇಳಿದಿತ್ತು. ಕಣ್ಣು ಹಳದಿ. ಮನೆಯವರು ಕಾಮಾಲೆ ಅಂತ ಬೇರು ಅರೆದು ಕುಡಿಸಿದ್ರು. ಬಿಸಿಲಿಗೆ ಹೋದ್ರೆ ಕೆನ್ನೆ ಕೆಂಪಾಗ್ತಿತ್ತು, ಬಾಯಾಗ ಹುಣ್ಣು, ಕೂದಲು ಉದುರತಿತ್ತು. ಅವನ್ನೆಲ್ಲ ಯಾರೂ ಒಂದು ಹಾಳೆಯಲ್ಲಿ ಬರೆದಿರಲಿಲ್ಲ. ರಕ್ತ ಏರಿಸಬೇಕು ಅಂತ ಕ್ರಾಸ್‌ಮ್ಯಾಚ್ ಮಾಡಿದೆ. ಗ್ರೂಪ್ ಸರಿ ಇದ್ದ ಯಾವ ಬಾಟಲಿ ತೆಗೆದುಕೊಂಡರೂ ಟ್ಯೂಬಿನ ತಳದಲ್ಲಿ ಕಣಗಳು ಗಂಟು ಕಟ್ಟಿಕೊಂಡು ಕೂತವು. ಅಲುಗಾಡಿಸಿದ್ರೆ ಚೂರುಚೂರಾಗಿ ಏಳೋದು. ಹೊಂದುವ ರಕ್ತ ಒಂದೂ ಇಲ್ಲ. ಕೂಂಬ್ಸ್ ಟೆಸ್ಟ್ ಹಾಕಿದ್ರೆ ಪಾಸಿಟಿವ್. ರಾಬಿನ್ ಕೂಂಬ್ಸ್ 1945ರಲ್ಲಿ ಕೇಂಬ್ರಿಜ್‌ನಲ್ಲಿ ಕಂಡುಹಿಡಿದ ಪರೀಕ್ಷೆ ಅದು. ಆಕೆ ಮೈಯೇ ಆಕೆಯ ಕೆಂಪು ಕಣಗಳನ್ನ ಒಡೀತಿತ್ತು.

— ಆಕಿಗೆ ಕಬ್ಬಿಣ?

— ಒಡೆದ ಕಣದ ಕಬ್ಬಿಣ ಮೈಯೊಳಗೇ ಇತ್ತು. ಬೇಕಾಗಿದ್ದದ್ದು ಸ್ಟಿರಾಯ್ಡ್. ಅದಕ್ಕೇ ದೊಡ್ಡವ್ವ, ರಕ್ತ ಕಮ್ಮಿ ಅನ್ನೋದು ಒಂದು ರೋಗದ ಹೆಸರಲ್ಲ. ನಿನ್ನ 9, ಆಕೆಯ 5, ಯಾರೋ ಬಸುರಿಯ 8, ಮೂರಕ್ಕೂ ಬೇರೆ ಬೇರೆ ದಾರಿ.

— ಆಕಿ ಗುಳಿಗಿನೂ ನನಗ ಕೊಡ್ತಿದ್ರು, ಹೈಡ್ರಾಕ್ಸಿಕ್ಲೋರೋಕ್ವಿನ್. ಕೊರೊನಾ ಬಂದ 2020ರಾಗ ಅಂಗಡಿಯಾಗ ಮಾಯ ಆತು. ಅದಾ ಔಷಧಿ ಅಂತ ಸುದ್ದಿ ಹಬ್ಬಿ, ಏನೂ ಬ್ಯಾನಿ ಇಲ್ಲದವರು ಕೊಂಡು ಮನ್ಯಾಗ ಇಟ್ಕೊಂಡ್ರು. ಮಾರ್ಚ್ 25ಕ್ಕ ಸರ್ಕಾರ ರಫ್ತು ನಿಲ್ಲಿಸ್ತು. ಹಂಗಿದ್ರೂ ನಮಗ ಸಿಗಲಿಲ್ಲ. ಲಾಕ್‌ಡೌನಿನಾಗ ಕೈ ಉಬ್ಬಿಸಿಕೊಂಡು ಕುಂತಿದ್ದೆ. ಟೀವಿಯಾಗ ನಮ್ಮ ಹೆಸರು ಒಬ್ಬರೂ ಎತ್ತಲಿಲ್ಲ.

— ನಿನಗ ಈಗ ಎಲ್ಲಕ್ಕಿಂತ ತ್ರಾಸು ಏನು? ಕೈಯೋ, ಸುಸ್ತೋ?

— ಸುಸ್ತು. ಕೈ ಉಬ್ಬಿದ್ರ ಮಂದಿಗೆ ಕಾಣ್ತೈತಿ, ಅಯ್ಯೋ ಅಂತಾರ. ಸುಸ್ತು ಕಾಣಂಗಿಲ್ಲ. ಮಾಳಗಿ ಮೆಟ್ಟಿಲು ಹತ್ತಿದ್ರ ಏದುಸಿರು, ಎದಿ ಡವಡವ. ಮಲಗಿ ಎದ್ರೂ ಹೋಗಂಗಿಲ್ಲ. ಪಿಂಚಣಿ ಬರ್ತೈತಿ, ಸೊಸಿ ಮಾಡಿ ಹಾಕ್ತಾಳ, ಆರಾಮ ಮಲಗ್ಯಾಳ ಅಂತಾರ. ಮೊದಮೊದಲು ಎದ್ದು ತೋರಿಸಾಕ ಹೋಗ್ತಿದ್ದೆ. ಬಟ್ಟಿ ಒಗೆದು, ಮನಿ ಸಾರಿಸಿ, ಮುಂದ ಎರಡು ದಿನ ಬಿದ್ದುಕೊಳ್ಳೋದು. ಈಗ ಬಿಟ್ಟೀನಿ. ಬೆಳಿಗ್ಗೆ ಬಿಸಿನೀರಾಗ ಕೈ ಇಳಿಬಿಟ್ಟು ಕುಂತಿರ್ತೀನಿ. ಕುಂತು ಮಾಡೋ ಕೆಲಸ ಮಾಡ್ತೀನಿ: ಪಲ್ಲೆ ಸೋಸೋದು, ಶೇಂಗಾ ಸುಲಿಯೋದು ಆಗಂಗಿಲ್ಲ, ಹುರಿದಿದ್ರ ಪುಡಿ ಮಾಡ್ತೀನಿ. ರೊಟ್ಟಿ ಕಡೆ ತಿರುಗಿ ನೋಡಂಗಿಲ್ಲ. ಈ ಸಲ ತೇರಿಗೂ ಹೋಗಲಿಲ್ಲ. ದಾವಣಗೆರಿಯಿಂದ ಪಾದಯಾತ್ರಿ ಬಂದ ಮಂದಿ ಬಾಗಿಲ ಮುಂದ ಹಾದು ಹೋದ್ರು, ಮಜ್ಜಿಗಿ ಕೊಟ್ಟೆ. ನಾಚಿಕಿ ಏನಿಲ್ಲ. ಎಂಥಾ ಸಿಟ್ಟು ಬರ್ತೈತಿ ಅಂದ್ರ, ಇದೆಲ್ಲಾ ಮೊದಲಾ ಗೊತ್ತಾಗಿದ್ರ ಬೆರಳು ಇಷ್ಟು ಸೊಟ್ಟ ಆಗ್ತಿರಲಿಲ್ಲ. ಗೊತ್ತಾಗೂ ಮೊದಲಿನ ನಾಲ್ಕೈದು ವರ್ಷ ನಾ ಕೆಂಪು ಗುಳಿಗಿ ನುಂಗಿಕೋತ ಕುಂತಿದ್ದೆ.

— ಬೇಗ ಶುರು ಮಾಡಿದ್ರೆ ಕೀಲು ಉಳೀತಾವೆ, ಹೌದು.

— ಅದಕ್ಕ ನಿನಗ ಒಂದು ಕೆಲಸ ಹೇಳ್ತೀನಿ. ಆಶಾ ಕಾರ್ಯಕರ್ತೆಯರು ನಿಮ್ಮಲ್ಲಿ ಮೀಟಿಂಗಿಗೆ ಬರ್ತಾರಲ್ಲ?

— ಬರ್ತಾರ. ಬುಧವಾರ ಐತಿ.

— ಅವರಿಗೆ ಹೆಪ್ಸಿಡಿನ್ ಪಪ್ಸಿಡಿನ್ ಏನೂ ಹೇಳಬ್ಯಾಡ. ತಿಂಗಳು ಗುಳಿಗಿ ನುಂಗಿದಾಕಿಗೆ ರಕ್ತ ಏರದಿದ್ರ ಎರಡು ಮಾತು ಕೇಳ್ರಿ ಅನ್ನು. ಬೆಳಿಗ್ಗೆ ಕೈ ಬಿಗೀತಾವೇನು? ನೋವಿನ ಗುಳಿಗಿ ದಿನಾ ನುಂಗ್ತೀಯೇನು? ಹೌದು ಅಂದ್ರ ದೊಡ್ಡ ಆಸ್ಪತ್ರಿಗೆ ಬರೆಸಿಕೊಡ್ರಿ ಅನ್ನು.

— ನಾನು ಹೇಳಿದ್ರೆ, ಇವಳೇನು ಲ್ಯಾಬಿನಾಕಿ ಅಂತಾರೆ. ನೀ ಬಂದು ಕೈ ತೋರಿಸಿದ್ರೆ ಕೇಳ್ತಾರೆ. ಅದರಾಗ ನಾಲ್ಕು ಜನ ನಿನ್ನ ವಿದ್ಯಾರ್ಥಿನಿಯರೇ ಇದ್ದಾರೆ.

— ನೀಲಿ ಗುಳಿಗಿ ಉಗುಳಿದವರು!

— ಬರ್ತೀಯೇನು?

— ಎಷ್ಟಕ್ಕ?

— ಹತ್ತಕ್ಕೆ.

— ಹನ್ನೊಂದೂವರಿ ಮಾಡ್ರಿ. ಹತ್ತರ ತನಕ ಈ ಬೆರಳು ನನ್ನ ಮಾತಾ ಕೇಳಂಗಿಲ್ಲ, ಅವರು ಏನು ಕೇಳ್ಯಾರು.

— ಡಾಕ್ಟರನ್ನ ಕೇಳಿ ಹೇಳ್ತೀನಿ. ಒಂದು ತಾಸು ಆತು, ಈಗ ಚಾ ಕೊಡು.